ಆಟ ಯಾರಿಗಾಗಿ?

ಕಂಪ್ಯೂಟರ್ ಆಟವೆಂದೊಡನೆ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಕಿರಿಯರ ಕಣ್ಣು ಅರಳುತ್ತದೆ. ಈ ಎರಡು ಪಕ್ಷಗಳ ನಡುವೆ ತೀರ್ಪು ಕೊಡಲು ನಾನು ಹೊರಟಿಲ್ಲ. ಆಟದ ಯಂತ್ರಗಳಲ್ಲಿ ಈಚೆಗೆ ಆಗಿರುವ ಪ್ರಗತಿಗಳಲ್ಲಿ ನಿಜವಾಗಿಯೂ ದೊಡ್ಡದು ಯಾವುದು ಎಂಬುದಷ್ಟೇ ನನ್ನ ಪ್ರಶ್ನೆ.

ಪ್ರಗತಿಯೇನೋ ಸೋಜಿಗವನ್ನುಂಟುಮಾಡುವಂತಹದೇ. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಶಾಲೆಯಲ್ಲಿ ವಿಲಿಯಂ ಹಿಗಿನ್‌ಬೋತಮ್ ಎಂಬ ಭೌತವಿಜ್ಞಾನಿ, ನೋಡಲು ಬಂದವರ ಬೇಸರ ಕಳೆಯಲೆಂದು ಆಸಿಲೋಸ್ಕೋಪಿನ ಪುಟ್ಟ ಪರದೆಯ ಮೇಲೆ ಟೆನ್ನಿಸ್ ಆಡಿಸಿದರು. ಚೆಂಡೆಂದರೆ ಬೆಳಕಿನ ಒಂದು ಚುಕ್ಕೆ. ಬಲೆಯೆಂದರೆ ಒಂದು ಗೀಟು. ಆ ಚುಕ್ಕೆ ಇಂದು ಎಲ್ಲಿಗೆ ಬಂದು ಮುಟ್ಟಿದೆ! 2018ರಲ್ಲಿ ಎನ್‌ವಿಡಿಯಾ ಸಂಸ್ಥೆ ಹೊರತಂದ ಗ್ರಾಫಿಕ್ಸ್ ಕಾರ್ಡುಗಳು, ಬೆಳಕಿನ ಕಿರಣವು ನೀರಿಗೆ, ಗಾಜಿಗೆ ತಾಗಿ ಹೇಗೆ ಹೊರಳುವುದೆಂಬುದನ್ನು ಆಟ ನಡೆಯುತ್ತಿರುವಾಗಲೇ ಲೆಕ್ಕ ಹಾಕಿ ತೋರಿಸಿದವು. 2020ರಲ್ಲಿ ಬಂದ ಪ್ಲೇಸ್ಟೇಷನ್ 5ರ ಹಿಡಿಕೆಯಲ್ಲಿ, ತೆರೆಯ ಮೇಲೆ ಬಿಲ್ಲಿನ ಹೆದೆ ಎಳೆದರೆ ಆ ಬಿಗಿತ ಆಡುವವನ ಬೆರಳಿಗೂ ತಿಳಿಯುತ್ತದೆ.

ಬೆರಳಿಗೆ ಎಂದೆ. ಬೆರಳು ಬಾಗದವನ ಪಾಡೇನು?

ನನ್ನ ಊರಿನ ಗೆಳೆಯನೊಬ್ಬನಿಗೆ ಹುಟ್ಟಿನಿಂದಲೇ ಬಲಗೈ ಸ್ವಾಧೀನದಲ್ಲಿಲ್ಲ. ಎಡಗೈಯ ಬೆರಳುಗಳೂ ಬಿಗಿದುಕೊಂಡಿವೆ. ನಾವು ಚಿಣ್ಣಿದಾಂಡು ಆಡುವಾಗ ಅವನು ಅರಳಿಕಟ್ಟೆಯ ಮೇಲೆ ಕುಳಿತು ಲೆಕ್ಕ ಹೇಳುತ್ತಿದ್ದ. ಅವನ ಲೆಕ್ಕ ಒಂದು ದಿನವೂ ತಪ್ಪಲಿಲ್ಲ. ಅದೇ ಅವನ ಪಾಲಿನ ಆಟವೆಂದು ನಾವು ಸಮಾಧಾನಪಟ್ಟುಕೊಂಡಿದ್ದೆವು. ಮುಂದೆ ನಮ್ಮ ಮನೆಗೆ ಕಂಪ್ಯೂಟರ್ ಬಂದಿತು. ಓಡಬೇಕಾಗಿಲ್ಲದ ಆಟ, ಇನ್ನು ಇವನೂ ಆಡಬಹುದೆಂದು ಹಿಗ್ಗಿ, ಆಟದ ಹಿಡಿಕೆಯನ್ನು ಅವನ ಮಡಿಲಲ್ಲಿಟ್ಟೆ. ಎರಡು ಕಡ್ಡಿ, ಹತ್ತಾರು ಗುಂಡಿ. ಎರಡು ಕೈಯೂ ನೆಟ್ಟಗಿರುವವರಿಗಾಗಿಯೇ ಮಾಡಿದ ವಸ್ತು. ಸ್ವಲ್ಪ ಹೊತ್ತು ಅದನ್ನು ನೋಡಿ, “ನೀನು ಆಡು, ನಾನು ಲೆಕ್ಕ ಹೇಳುತ್ತೇನೆ” ಎಂದ. ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಆದುದರಿಂದಲೇ, 2018ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಹೊರತಂದ ‘ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್’ ಎಂಬ ಸಾಧನದ ವಿಷಯ ಓದಿದಾಗ, ಕಿರಣಗಳ ಲೆಕ್ಕಕ್ಕಿಂತ ಇದೇ ದೊಡ್ಡದೆಂದು ನನಗೆ ತೋರಿತು. ಅದೊಂದು ಚಪ್ಪಟೆಯಾದ ಹಲಗೆ. ಮೇಲೆ ಎರಡು ದೊಡ್ಡ ದುಂಡು ಗುಂಡಿಗಳು. ಅಂಗೈಯಿಂದಲೋ ಮೊಣಕೈಯಿಂದಲೋ ಪಾದದಿಂದಲೋ ಒತ್ತಬಹುದು. ಹಿಂಬದಿಯಲ್ಲಿ ಸಾಲಾಗಿ 19 ತೂತುಗಳು. ಆಡುವವನು ತನ್ನ ದೇಹಕ್ಕೆ ಒಗ್ಗುವ ಸ್ವಿಚ್ಚನ್ನು ಬೇಕಾದ ತೂತಿಗೆ ಸಿಕ್ಕಿಸಿ, ಕೆನ್ನೆಯ ಬಳಿಯೋ ಮೊಣಕಾಲಿನ ಬಳಿಯೋ ಇಟ್ಟುಕೊಳ್ಳಬಹುದು. ಅದರ ಪೆಟ್ಟಿಗೆಯನ್ನೂ ಬೆರಳ ಬಲವಿಲ್ಲದವರು ಬಿಚ್ಚುವಂತೆ ಕುಣಿಕೆಗಳನ್ನಿಟ್ಟು ಮಾಡಿದ್ದಾರೆ. ಏಬಲ್‌ಗೇಮರ್ಸ್, ಸ್ಪೆಷಲ್‌ಎಫೆಕ್ಟ್ ಮೊದಲಾದ ಸೇವಾಸಂಸ್ಥೆಗಳ ಸಲಹೆ ಪಡೆದು ಇದನ್ನು ರೂಪಿಸಿದರು. 2023ರಲ್ಲಿ ಸೋನಿ ಸಂಸ್ಥೆಯೂ ಇಂತಹದೇ ಒಂದು ಸಾಧನವನ್ನು ತಂದಿತು.

ಇದಕ್ಕೆ ಎರಡು ಆಕ್ಷೇಪಗಳುಂಟು. ಮೊದಲನೆಯದು ಬೆಲೆ. ಹಲಗೆಗೆ ಅಮೆರಿಕದಲ್ಲಿ ಗೊತ್ತುಮಾಡಿದ ಬೆಲೆ ಸುಮಾರು 100 ಡಾಲರು. ಸ್ವಿಚ್ಚುಗಳಿಗೆ ಬೇರೆ ಹಣ ತೆರಬೇಕು. ಇದು ಸಣ್ಣ ಮಾತಲ್ಲ. ಆದರೆ ಆ 19 ತೂತುಗಳ ಗುಟ್ಟನ್ನು ಗಮನಿಸಿರಿ. ಅವು ಹೊಸ ಸೃಷ್ಟಿಯಲ್ಲ. ಹಳೆಯ ರೇಡಿಯೋಗಳಲ್ಲಿ ಇಯರ್‌ಫೋನ್ ಸಿಕ್ಕಿಸುತ್ತಿದ್ದ 3.5 ಮಿಲಿಮೀಟರಿನ ತೂತುಗಳೇ. ಒಂದು ಗುಂಡಿ, ಎರಡು ಎಳೆಯ ತಂತಿ, ತುದಿಗೊಂದು ಪ್ಲಗ್ಗು—ಇಷ್ಟಾದರೆ ಸ್ವಿಚ್ಚು ಸಿದ್ಧ. ರೇಡಿಯೋ ದುರಸ್ತಿ ಬಲ್ಲವನು ಮಾಡಿಕೊಡಬಲ್ಲ. ಬಾಗಿಲನ್ನು ತಾನೊಬ್ಬನೇ ತೆರೆಯುವಂತೆ ಮಾಡದೆ ಎಲ್ಲರ ಕೀಲಿಗೂ ಒಗ್ಗುವಂತೆ ಮಾಡುವುದೇ ಒಳ್ಳೆಯ ಯಂತ್ರಶಿಲ್ಪವೆಂದು ನನ್ನ ಅಭಿಪ್ರಾಯ.

ಎರಡನೆಯದು, “ಅಂತಹವನಿಗೆ ಬೇಕಾದದ್ದು ಅನ್ನ, ಉದ್ಯೋಗ, ಆಟವಾಡದಿದ್ದರೆ ಮುಳುಗಿದ್ದೇನು?” ಎಂಬ ಹಿರಿಯರ ಮಾತು. ಅನ್ನ ಬೇಕು, ಉದ್ಯೋಗವೂ ಬೇಕು, ಸಂದೇಹವಿಲ್ಲ. ಆದರೆ ಅನ್ನವನ್ನು ಕರುಣೆಯಿಂದಲೂ ಕೊಡಬಹುದು. ಆಟಕ್ಕೆ ಸಮಾನರನ್ನು ಮಾತ್ರ ಕರೆಯುತ್ತೇವೆ. ನನ್ನ ಗೆಳೆಯನಿಗೆ ಊರಿನಲ್ಲಿ ಕನಿಕರ ತೋರಿದವರು ಬಹಳ ಮಂದಿ. ಅವನನ್ನು ಸೋಲಿಸಲು ಹೊರಟವರು, ಅವನಿಂದ ಸೋತು ಮುಖ ಸಣ್ಣದು ಮಾಡಿಕೊಂಡವರು ಒಬ್ಬರೂ ಇಲ್ಲ. ಈ ಕೊರತೆ ಸಾಮಾನ್ಯವಾದುದೇ?

ಚಿತ್ರ ಇನ್ನಷ್ಟು ಹೊಳಪಾಗಲಿ, ವೇಗ ಇಮ್ಮಡಿಯಾಗಲಿ, ನನ್ನ ಅಡ್ಡಿಯಿಲ್ಲ. ಆದರೆ ಪ್ರಗತಿಯನ್ನು ಅಳೆಯುವಾಗ ಪರದೆಯನ್ನು ಮಾತ್ರ ನೋಡದೆ, ಕಟ್ಟೆಯ ಮೇಲೆ ಎಷ್ಟು ಮಂದಿ ಇನ್ನೂ ಕುಳಿತಿದ್ದಾರೆಂಬುದನ್ನೂ ನೋಡಬೇಕು.

ನಾವು ನಾಲ್ವರು ಗೆಳೆಯರು ಹಣ ಕೂಡಿಸುತ್ತಿದ್ದೇವೆ. ಈ ಹಲಗೆ ವಿಂಡೋಸ್ ಕಂಪ್ಯೂಟರಿಗೂ ಹೊಂದುತ್ತದೆ. ಸ್ವಿಚ್ಚುಗಳನ್ನು ಮಾಡಿಕೊಡಲು ಪೇಟೆಯ ರೇಡಿಯೋ ಅಂಗಡಿಯವರು ಒಪ್ಪಿದ್ದಾರೆ. ಬರುವ ಬೇಸಗೆ ರಜೆಯಲ್ಲಿ ಅವನು ಆಡಲಿ. ನಾನು ಲೆಕ್ಕ ಹೇಳುತ್ತೇನೆ.