ಬಯಲಿನಲ್ಲಿ ಚರಿತ್ರೆ

ಚರಿತ್ರೆಯನ್ನು ಪುಸ್ತಕದಲ್ಲಿ ಓದಿ ತಿಳಿಯುವುದು ಒಂದು ಬಗೆ. ಅದು ನಡೆದ ನೆಲದ ಮೇಲೆಯೇ ನಿಂತು ಅರಿಯುವುದು ಇನ್ನೊಂದು ಬಗೆ. ಈ ಎರಡನೆಯದನ್ನು ಬರಿಯ ಮನರಂಜನೆಯೆಂದು ಹಗುರಾಗಿ ಕಾಣುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

1963ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಫಿಲಿಸ್ ಪ್ಯಾಟರ್ಸನ್ ಎಂಬ ಶಿಕ್ಷಕಿಯೂ ಅವರ ಪತಿ ರಾನ್ ಪ್ಯಾಟರ್ಸನ್ನರೂ ಒಂದು ‘ರಿನೈಸಾನ್ಸ್ ಜಾತ್ರೆ’ಯನ್ನು ಆರಂಭಿಸಿದರು. ಒಂದನೆಯ ಎಲಿಜಬೆತ್ ರಾಣಿಯ ಕಾಲದ ಇಂಗ್ಲೆಂಡಿನ ಸಂತೆಯನ್ನು ಮರಗಳ ನೆರಳಿನಲ್ಲಿ ಮತ್ತೆ ಕಟ್ಟುವ ಈ ಪದ್ಧತಿ ಆ ದೇಶದಲ್ಲೆಲ್ಲ ಹರಡಿತು. ಅದರ ವಿಶೇಷವೆಂದರೆ, ನೋಡಲು ಬಂದವರೂ ವೇಷ ತೊಟ್ಟು ಆಟದೊಳಗೆ ಸೇರಿಕೊಳ್ಳುತ್ತಾರೆ. ಬಯಲಾಟವನ್ನು ಬೆಳಗಿನವರೆಗೆ ನೋಡಿದ ನಮಗೆ ಇದು ತೀರ ಹೊಸದೇನಲ್ಲ. ಮೈಸೂರಿನ ಜಂಬೂಸವಾರಿಯಾಗಲಿ, ಎಂ. ಪಿ. ಪ್ರಕಾಶರ ಆಸಕ್ತಿಯಿಂದ ಆರಂಭವಾದ ಹಂಪಿ ಉತ್ಸವವಾಗಲಿ ಇದೇ ಜಾತಿಗೆ ಸೇರಿದವು.

ಆದರೆ ಇಂತಹ ಜಾತ್ರೆಗಳಿಗೆ ಒಂದು ದೋಷವಿದೆ. ಅವು ರೇಷ್ಮೆಯನ್ನು ತೋರಿಸುತ್ತವೆ, ಪ್ಲೇಗನ್ನು ಮರೆಸುತ್ತವೆ. ಕತ್ತಿಯ ಹೊಳಪನ್ನು ತೋರಿಸುತ್ತವೆ, ಗಾಯವನ್ನು ಮುಚ್ಚುತ್ತವೆ. ಹೈದರಾಬಾದಿನ ಕನ್ನಡಿಗರಾದ ನಮಗೆ ಈ ಮಾತು ಹೆಚ್ಚಾಗಿ ಅನ್ವಯಿಸುತ್ತದೆ. 1565ರ ಯುದ್ಧದಲ್ಲಿ ವಿಜಯನಗರವನ್ನು ಸೋಲಿಸಿದ ಒಕ್ಕೂಟದಲ್ಲಿ ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಾ ಇದ್ದನೆಂಬುದು ಎಲ್ಲರಿಗೂ ಗೊತ್ತು. ಅದೇ ಇಬ್ರಾಹಿಮನು ತನ್ನ ಅಣ್ಣನಿಗೆ ಹೆದರಿ 1543ರಿಂದ ಏಳು ವರ್ಷ ವಿಜಯನಗರದಲ್ಲಿ ಅಳಿಯ ರಾಮರಾಯನ ಆಶ್ರಯದಲ್ಲಿದ್ದನೆಂಬುದನ್ನೂ, ಪಟ್ಟವೇರಿದ ಮೇಲೆ ತೆಲುಗು ಕವಿಗಳನ್ನು ಆದರಿಸಿದನೆಂಬುದನ್ನೂ ಎಷ್ಟು ಮಂದಿ ಬಲ್ಲರು? ಯುದ್ಧವನ್ನು ಮಾತ್ರ ಪ್ರದರ್ಶಿಸಿದರೆ ದ್ವೇಷ ಉಳಿಯುತ್ತದೆ. ಆ ಏಳು ವರ್ಷಗಳನ್ನು ಮಾತ್ರ ಹೇಳಿದರೆ ಸುಳ್ಳಾಗುತ್ತದೆ. ಎರಡನ್ನೂ ಹೇಳುವುದೇ ಧರ್ಮ. ಹಂಪಿಯನ್ನು ತಮ್ಮದೆಂದು ಕೇಳುತ್ತ, ಗೋಲ್ಕೊಂಡದ ಮಗ್ಗುಲಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಇದು ತಿಳಿಯಲೇಬೇಕು.

ಗೋಲ್ಕೊಂಡ ಕೋಟೆಯಲ್ಲಿ ಅಮಿತಾಭ್ ಬಚ್ಚನ್ನರ ಕಂಠದಲ್ಲಿ ಧ್ವನಿ-ಬೆಳಕಿನ ಕಥನ ವರ್ಷಗಟ್ಟಲೆ ನಡೆಯಿತು. ನಮ್ಮಲ್ಲಿ ಅನೇಕರು ಊರಿನಿಂದ ಬಂದ ನೆಂಟರನ್ನು ಅಲ್ಲಿಗೆ ಕರೆದೊಯ್ದಿದ್ದೇವೆ. ಅದು ಸೊಗಸಾದದ್ದೇ. ಆದರೆ ಅಲ್ಲಿ ನಾವು ಕುರ್ಚಿಯ ಮೇಲೆ ಕುಳಿತ ಪ್ರೇಕ್ಷಕರು. ಕಾಲಿಗೂ ಕೆಲಸವಿಲ್ಲ, ಪ್ರಶ್ನೆಗೂ ಎಡೆಯಿಲ್ಲ.

ಆದುದರಿಂದ ನನ್ನದೊಂದು ಸಲಹೆ. ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ ಸಂಘದ ಕುಟುಂಬಗಳೆಲ್ಲ ಗೋಲ್ಕೊಂಡಕ್ಕೆ ಹೋಗೋಣ. ಬಾಡಿಗೆಯ ಕಿರೀಟಗಳು ಬೇಡ. ಇಬ್ರಾಹಿಮನ ಕಥೆಯನ್ನು, ಆಶ್ರಯವನ್ನೂ ಯುದ್ಧವನ್ನೂ ಸೇರಿಸಿ, ಮಕ್ಕಳೇ ಕನ್ನಡದಲ್ಲಿ ಬರೆದುಕೊಂಡು ಬಂದು ಹೇಳಲಿ. ಈ ಸಂಚಿಕೆಯಲ್ಲಿ ವೈದ್ಯರು ನಡಿಗೆಯ ಗುಣವನ್ನು ಎಷ್ಟು ವಿವರಿಸಿದರೂ, ನಿಂತು ನಿಂತು, ದಣಿವಾರಿಸಿಕೊಳ್ಳುತ್ತ ಏರಿದ ಮೆಟ್ಟಿಲುಗಳು ಅದನ್ನು ಇನ್ನೂ ಚೆನ್ನಾಗಿ ತಿಳಿಸುತ್ತವೆ. ಮಂಡಿನೋವಿನವರು, ಹೃದ್ರೋಗವುಳ್ಳವರು ಏರುವ ಸಾಹಸ ಮಾಡಬಾರದು. ಅವರಿಗೂ ಪಾತ್ರವಿದೆ. ಫತೇ ದರ್ವಾಜಾದ ಕಮಾನಿನ ಕೆಳಗೆ ತಟ್ಟಿದ ಚಪ್ಪಾಳೆ ಮೇಲಿನ ಬಾಲಾ ಹಿಸಾರಿಗೆ ಕೇಳಿಸುವಂತೆ ಆ ಕೋಟೆಯನ್ನು ಕಟ್ಟಿದ್ದಾರೆ. ಅಜ್ಜ ಅಜ್ಜಿಯರು ಕೆಳಗೆ ನಿಂತು ಚಪ್ಪಾಳೆ ತಟ್ಟಲಿ. ಮೊಮ್ಮಕ್ಕಳು ಮೇಲೆ ನಿಂತು ಆಲಿಸಲಿ.

1956ರ ನವೆಂಬರ್ 1ರವರೆಗೆ ಬೀದರ, ಕಲಬುರಗಿ, ರಾಯಚೂರುಗಳು ಇದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ಕಾಲವನ್ನು ಕಂಡವರು ನಮ್ಮಲ್ಲಿ ಕೆಲವರೇ ಉಳಿದಿದ್ದಾರೆ. ಅವರು ತಟ್ಟುವ ಚಪ್ಪಾಳೆ ಮೇಲಿರುವವರಿಗೆ ಕೇಳಿಸಬೇಕಾದರೆ, ಈ ಕೆಲಸವನ್ನು ಮುಂದಿನ ವರ್ಷಕ್ಕೆ ದೂಡಬಾರದು.