ಕ್ಯಾಸೆಟ್ಟಿನ ಚೆಂಡೆಗೆ ಎಷ್ಟು ಕಿಲೋಬಿಟ್?

ಕಳೆದ ತಿಂಗಳು ಊರಿನಿಂದ ಅತ್ತೆಯ ಫೋನು. "ಮಗಾ, ಟ್ರಂಕಿನ ಅಡಿಯಲ್ಲಿ ನಿನ್ನ ಮಾವನ ಎರಡು ಕ್ಯಾಸೆಟ್ ಉಂಟು. ಬಿಸಾಡುವುದಾ, ನಿನಗೆ ಬೇಕಾ?" ನಾನು ಪವಾಯಿಯಲ್ಲಿ, ಐಐಟಿ ಗೇಟಿನ ಹತ್ತಿರ ಬಸ್ಸಿನಲ್ಲಿ ನೇತಾಡುತ್ತಿದ್ದೆ. "ಬಿಸಾಡಬೇಡಿ ಅತ್ತೆ!" ಎಂದು ಕೂಗಿದ್ದಕ್ಕೆ ಅರ್ಧ ಬಸ್ಸು ತಿರುಗಿ ನೋಡಿತು.

ಅಷ್ಟು ಗಾಬರಿ ಯಾಕೆಂದು ಹೇಳುತ್ತೇನೆ. ನನ್ನ ಸೋದರಮಾವ ಹುಡುಗನಾಗಿದ್ದಾಗ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದವರು. ರಜೆಯ ದಿನ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ಕರ್ಣಪರ್ವದ ಕರ್ಣ ಅವರಿಗೆ ಪ್ರಿಯ. ಯಾರೋ ಸ್ನೇಹಿತರು ಸಭೆಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದ ಎಂಟು ಕ್ಯಾಸೆಟ್ಟುಗಳು ಮನೆಯಲ್ಲಿದ್ದವು, ಒಂದೊಂದೂ ಅರವತ್ತು ನಿಮಿಷದ್ದು. 2005ರ ಆರಂಭದಲ್ಲಿ ಅವನ್ನು ಕಂಪ್ಯೂಟರಿಗೆ ಇಳಿಸಿ ಎಂಪಿತ್ರೀ ಮಾಡಿದ ಜಾಣ ನಾನೇ.

ಆಗ ನನ್ನ ಹತ್ತಿರ ಇದ್ದದ್ದು 128 ಎಂಬಿಯ ಪುಟ್ಟ ಪ್ಲೇಯರ್. ಎಂಟೂ ಕ್ಯಾಸೆಟ್ ಅದರಲ್ಲಿ ಹಿಡಿಸಬೇಕೆಂದು ಹಟ. ಲೇಮ್ ಎಂಬ ಪ್ರೋಗ್ರಾಮಿಗೆ ಟರ್ಮಿನಲ್‌ನಲ್ಲಿ -ಬಿ 32, -ಎಂ ಎಂ ಎಂದು ಆಣತಿ ಕೊಟ್ಟೆ. (ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು.) ಮೊದಲನೆಯದು ಸೆಕೆಂಡಿಗೆ 32 ಕಿಲೋಬಿಟ್ ಮಾತ್ರ ಬಳಸು ಎಂದು, ಎರಡನೆಯದು ಮೋನೋ ಮಾಡು ಎಂದು. ಗಂಟೆಗೆ 14.4 ಎಂಬಿ, ಎಂಟು ಗಂಟೆಗೆ 115. ಹಿಡಿಸಿತು! ಡಿಸ್ಕಿನಲ್ಲಿ ಜಾಗವಿಲ್ಲವೆಂದು ಮೂಲ ವೇವ್ ಕಡತಗಳನ್ನು ಅಳಿಸಿ, ಕ್ಯಾಸೆಟ್ಟುಗಳನ್ನು ಮಾವನಿಗೆ ಹಿಂದಿರುಗಿಸಿದೆ.

ಅವರ ಮನೆ ಕುರ್ಲಾದಲ್ಲಿ, ನೆಲ ಅಂತಸ್ತಿನಲ್ಲಿ, ಮೀಠಿ ನದಿಗೆ ಹತ್ತಿರ. ವಿಹಾರ್ ಕೆರೆ ಮತ್ತು ನಮ್ಮ ಪವಾಯಿ ಕೆರೆ ತುಂಬಿ ಹೊರಚೆಲ್ಲುವ ನೀರೇ ಮೀಠಿ. ಆ ವರ್ಷ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಇಪ್ಪತ್ತನಾಲ್ಕು ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಮುಂದಿನದನ್ನು ಮುಂಬಯಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಾವ ಅತ್ತೆ ಮೇಲಿನ ಮನೆಯವರ ಜೊತೆ ರಾತ್ರಿ ಕಳೆದು ಉಳಿದರು, ಕ್ಯಾಸೆಟ್ಟುಗಳು ಉಳಿಯಲಿಲ್ಲ. ಈಗ ಮಾವನೂ ಇಲ್ಲ. ಉಳಿದದ್ದು ನನ್ನ 115 ಎಂಬಿ.

ಅದನ್ನು ಕೇಳಿದರೆ ಮಾವನ ಧ್ವನಿ ಗುರುತು ಸಿಗುತ್ತದೆ, ಮಾತೂ ತಿಳಿಯುತ್ತದೆ. ಆದರೆ ರಾತ್ರಿಶಾಲೆಯಲ್ಲಿ ಕಷ್ಟಪಟ್ಟು ತಿದ್ದಿಕೊಂಡ ಅವರ ಶ, ಷ, ಸ ಈಗ ಎಲ್ಲ ಒಂದೇ ತರಹ ಸುಯ್ ಎನ್ನುತ್ತವೆ. ಕರ್ಣನ ಶರ ಯಾವುದು, ಕೊರಳಿನ ಸರ ಯಾವುದು ಎಂದು ಸಂದರ್ಭ ನೋಡಿ ಊಹಿಸಬೇಕು. ಚಕ್ರತಾಳ ನೀರಿನೊಳಗೆ ಬಾರಿಸಿದಂತಿದೆ. ಚೆಂಡೆಯ ಪ್ರತಿ ಪೆಟ್ಟಿಗೂ ಮೊದಲು ಸಣ್ಣದೊಂದು ಉಸಿರು ಬಿಟ್ಟಂತೆ ಸದ್ದು.

ಇದಕ್ಕೆ ಕಾರಣ ಹೀಗೆ. ಎಂಪಿತ್ರೀ ಧ್ವನಿಯನ್ನು ತುಂಡು ತುಂಡಾಗಿ ತೆಗೆದುಕೊಂಡು, ನಮ್ಮ ಕಿವಿ ಗಮನಿಸದ ಭಾಗ ಯಾವುದೆಂದು ಅಂದಾಜು ಮಾಡಿ ಅದನ್ನು ಒರಟಾಗಿ ಬರೆದಿಡುತ್ತದೆ. ಒಂದು ಫ್ರೇಮಿನಲ್ಲಿ 1152 ಸ್ಯಾಂಪಲ್, ಸಿಡಿಯ ವೇಗದಲ್ಲಿ ಸುಮಾರು 26 ಮಿಲಿಸೆಕೆಂಡ್. ತುಂಡಿನ ನಡುವೆ ಚೆಂಡೆ ಫಟ್ ಎಂದರೆ ಆ ಒರಟುತನ ತುಂಡಿನ ಉದ್ದಕ್ಕೂ ಹರಡಿ, ಪೆಟ್ಟಿಗಿಂತ ಮುಂಚಿನ ಮೌನದಲ್ಲೂ ಕೇಳಿಸುತ್ತದೆ. ಪಾಶ್ಚಾತ್ಯರು ಇದನ್ನು ಪರೀಕ್ಷಿಸಲು ಕ್ಯಾಸ್ಟನೆಟ್ ಎಂಬ ಚಿಟಿಕೆ ವಾದ್ಯವನ್ನು ಬಳಸಿದರು. ನನ್ನನ್ನು ಕೇಳಿದ್ದರೆ ಯಕ್ಷಗಾನದ ಚೆಂಡೆಯನ್ನೇ ಕೊಡುತ್ತಿದ್ದೆ. ಇಂಥಲ್ಲಿ ಲೇಮ್ ತುಂಡುಗಳನ್ನು ಚಿಕ್ಕದಾಗಿಸಿ ಸಂಭಾಳಿಸುತ್ತದೆ, ಆದರೆ ಅದಕ್ಕೆ ಹೆಚ್ಚು ಬಿಟ್ ಬೇಕು. 32ರಲ್ಲಿ ಎಲ್ಲಿಂದ ತರುವುದು? ಸಾಲದ್ದಕ್ಕೆ ಕಡಿಮೆ ಬಿಟ್‌ರೇಟಿನಲ್ಲಿ ಮೇಲಿನ ಕಂಪನಗಳನ್ನು ಅದು ಪೂರ್ತಿ ಕತ್ತರಿಸುತ್ತದೆ. ಯಾವ ಹರ್ಟ್ಸಿನಿಂದ ಕತ್ತರಿಸುತ್ತೇನೆ ಎಂದು ಶುರುವಿನಲ್ಲೇ ಪರದೆಯ ಮೇಲೆ 'ಲೋಪಾಸ್ ಫಿಲ್ಟರ್' ಎಂದು ಒಂದು ಸಾಲು ಬರೆದು ತೋರಿಸುತ್ತದೆ ಕೂಡ. ಎಂಟು ಸಲ ತೋರಿಸಿತ್ತು. ನಾನು ಎಂಟೂ ಸಲ ಓದಲಿಲ್ಲ.

ಈ ಸಲ ಮೊದಲು ಆಯ್ಕೆಗಳ ಪಟ್ಟಿ ಓದಿದೆ. ಅದರಲ್ಲಿ ತಲೆ ತಿರುಗಿಸುವ ಸಂಗತಿಗಳಿವೆ. -ಬಿ ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ಗುಣಮಟ್ಟ ಹೆಚ್ಚು. ದೊಡ್ಡಕ್ಷರದ -ವಿ ಮುಂದಿನದು ತಿರುಗುಮುರುಗು, 0 ಅತ್ಯುತ್ತಮ, 9 ಅತಿ ಚಿಕ್ಕ ಕಡತ. -ಬಿ ಒಂದೇ ಅಳತೆಯ ತಟ್ಟೆ ಊಟ ಇದ್ದಂತೆ, ಹಸಿದವನಿಗೂ ಹಸಿಯದವನಿಗೂ ಅಷ್ಟೇ. -ವಿ ಹಾಗಲ್ಲ, ಭಾಗವತರು ಶ್ರುತಿ ಹಿಡಿದು ಕಾಯುವಾಗ ಕಡಿಮೆ ಬಡಿಸಿ, ಚೆಂಡೆ ಏರಿದಾಗ ಹೆಚ್ಚು ಬಡಿಸುತ್ತದೆ. ಸ್ಟೀರಿಯೋ ಸಂಗೀತಕ್ಕೆ -ವಿ 2 ಹಾಕಿದರೆ ಸರಾಸರಿ 190 ಕಿಲೋಬಿಟ್ ಆಸುಪಾಸು ಬರುತ್ತದೆ. ನಮ್ಮ ಮಟ್ಟಿಗೆ ಧಾರಾಳವಾಯಿತು. -ಎಂ ಎಂ ಬಗ್ಗೆ ಮಾತ್ರ ನನಗೆ ಪಶ್ಚಾತ್ತಾಪವಿಲ್ಲ. ಒಂದೇ ಮೈಕಿನ ಧ್ವನಿಮುದ್ರಣಕ್ಕೆ ಮೋನೋ ಸರಿಯಾದದ್ದೇ.

ಆದರೆ ಈ ಸಲ ಮೊದಲ ಕೆಲಸ ಎಂಪಿತ್ರೀಯದಲ್ಲ, ಫ್ಲ್ಯಾಕ್‌ನದ್ದು. ಅದು ಏನನ್ನೂ ಬಿಸಾಡದೆ ಒತ್ತುತ್ತದೆ. ಬಿಚ್ಚಿದರೆ ಮೂಲ ವೇವ್‌ನ ಧ್ವನಿ ಬಿಟ್ಟುಹೋಗದೆ ಹಾಗೇ ಬರುತ್ತದೆ. 0ರಿಂದ 8ರವರೆಗಿನ ಅದರ ಆಯ್ಕೆಗಳಲ್ಲಿ ಬದಲಾಗುವುದು ಸಮಯ ಮತ್ತು ಗಾತ್ರ ಮಾತ್ರ, ಧ್ವನಿಯಲ್ಲ. ನಾನು -8 ಮತ್ತು -ವಿ ಕೊಟ್ಟೆ. ಇಲ್ಲಿ ದೊಡ್ಡಕ್ಷರದ -ವಿ ಎಂದರೆ ಬರೆದದ್ದನ್ನು ಮತ್ತೆ ಬಿಚ್ಚಿ ಮೂಲದೊಂದಿಗೆ ತಾಳೆ ನೋಡು ಎಂದರ್ಥ. ಲೇಮ್‌ನಲ್ಲಿ ಅದೇ ಅಕ್ಷರಕ್ಕೆ ಬೇರೆ ಅರ್ಥ. ಇವರೆಲ್ಲ ಒಂದು ಕಡೆ ಕೂತು ಮಾತಾಡಿಕೊಳ್ಳಬಾರದಿತ್ತೇ? -ಟಿ ಬಳಸಿ ಪ್ರಸಂಗದ ಹೆಸರನ್ನೂ ಮಾವನ ಹೆಸರನ್ನೂ ಕನ್ನಡದಲ್ಲೇ ಕಡತದೊಳಗೆ ಬರೆದೆ, ಅಕ್ಷರ ಕೆಡಲಿಲ್ಲ. ಟೇಪಿನ ಸುಯ್ಯೆನ್ನುವ ಸದ್ದನ್ನು ಮುಟ್ಟಲಿಲ್ಲ. ಅದನ್ನು ಒರೆಸಹೊರಟರೆ ಜೊತೆಗೆ ಸಕಾರವೂ ಹೋದೀತು. ಏನಿದ್ದರೂ ಪ್ರತಿಯ ಮೇಲೆ ಮಾಡಿ ನೋಡಿದರಾಯಿತು. ಆ ಸದ್ದಿನಿಂದ ಫ್ಲ್ಯಾಕ್ ಹೆಚ್ಚು ಜಾಗ ತಿನ್ನುತ್ತದೆ, ತಿನ್ನಲಿ.

ಈ ನಡುವೆ ಹಳೆಯ ಎಂಟರ ಸುದ್ದಿ ತಿಳಿದ ಬಂಧುವೊಬ್ಬರು "ನಾನು ರಿಪೇರಿ ಮಾಡಿಸಿ 320 ಮಾಡಿದ್ದೇನೆ" ಎಂದು ಕಳಿಸಿದರು. ಕಡತ ಹತ್ತು ಪಟ್ಟು ದೊಡ್ಡದಾಗಿತ್ತು. ಶರ ಶರವಾಗಿರಲಿಲ್ಲ. 32ರಲ್ಲಿ ಕಳೆದದ್ದು 320ರಲ್ಲಿ ಮರಳುವುದಿಲ್ಲವೆಂದು ಅವರಿಗೆ ಹೇಳಲು ಮನಸ್ಸಾಗದೆ "ತುಂಬ ಉಪಕಾರವಾಯಿತು ಅಣ್ಣಾ" ಎಂದೆ. ಈಗ ಇಲ್ಲಿ ಓದುತ್ತಾರೇನೋ.

ಅತ್ತೆಗೆ ಫೋನಿನಲ್ಲಿ ಕೇಳಲು ಚಿಕ್ಕ ಪ್ರತಿ ಬೇಕಲ್ಲ. ಅದಕ್ಕೆ ಓಪಸ್ ಇದೆ. 2012ರಲ್ಲಿ ಮಾನಕವಾಯಿತು, ವಾಟ್ಸ್ಆ್ಯಪ್ ಧ್ವನಿಸಂದೇಶಗಳ ಒಳಗಿರುವುದೂ ಇದೇ. ಫ್ಲ್ಯಾಕ್ ಕಡತದಿಂದಲೇ ನೇರವಾಗಿ ಮಾಡಬಹುದು. ಓಪಸ್‌ಎಂಕ್ ಎಂದು ಬರೆದು --ಬಿಟ್‌ರೇಟ್ 32 ಕೊಟ್ಟೆ. ಅದೇ 32! ಆದರೆ ಇಲ್ಲಿ ಶ, ಸ ಬೇರೆ ಬೇರೆಯಾಗಿಯೇ ಕೇಳುತ್ತವೆ, ಚೆಂಡೆಯೂ ಸಾಕಷ್ಟು ಚೆಂಡೆಯಂತೆ. ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಎಂದು ಕಳಿಸಿದರೆ ಕಡತ ಹಾಗೇ ತಲುಪುತ್ತದೆ.

ಟರ್ಮಿನಲ್ ಎಂದರೆ ಹೆದರುವವರಿಗೆ ಒಂದು ಮಾತು. ಪವಾಯಿಯ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಲಿನಕ್ಸ್‌ನಂಥ ಮುಕ್ತ ತಂತ್ರಾಂಶಗಳ ಪಾಠಗಳನ್ನು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಉಚಿತವಾಗಿ ಇಟ್ಟಿದೆ. ಮನೆಯಲ್ಲಿ ಕ್ಯಾಸೆಟ್ ಇದ್ದವರು ಒಂದು ಭಾನುವಾರ ಅದನ್ನು ನೋಡಿ.

ಅತ್ತೆ ಕೇಳಿದರು. ಮಾವನ ಬಗ್ಗೆ ಒಂದು ಮಾತೂ ಆಡಲಿಲ್ಲ. "ನಡುವೆ ಒಬ್ಬರು ಕೆಮ್ಮುತ್ತಾರಲ್ಲ, ಅದು ನಿನ್ನ ಅಜ್ಜ" ಎಂದರು. ಅಜ್ಜ ಮುಂಬಯಿಗೆ ಬಂದಿದ್ದೇ ನನಗೆ ಗೊತ್ತಿರಲಿಲ್ಲ.

ಎರಡನೆಯ ಕ್ಯಾಸೆಟ್ ಇನ್ನೂ ಆಗಿಲ್ಲ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಸಣ್ಣ ಫೆಲ್ಟ್ ತುಂಡು ಒಣಗಿ ಉದುರಿದೆ. ಒಂದು ಹಳೆಯ ಖಾಲಿ ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿ ಇಟ್ಟಿದ್ದೇನೆ. ಈ ಭಾನುವಾರ ಟೇಪನ್ನು ಅದರ ಚಿಪ್ಪಿಗೆ ವರ್ಗಾಯಿಸಬೇಕು.