ಅಂಕ ಮಗುವಿಗೋ, ಸ್ಟುಡಿಯೋಗೋ?



ಪ್ರೌಢಶಾಲೆ ಮಕ್ಕಳಿಂದ ವಿಡಿಯೋ ಪ್ರಾಜೆಕ್ಟ್ ಮಾಡಿಸುವ ರೂಢಿ ನಮ್ಮ ಬಾಣಾವರದಂಥ ಹೋಬಳಿ ಊರಿಗೂ ಬಂದಿದೆ. ಬಂದದ್ದಕ್ಕೆ ನನ್ನ ತಕರಾರಿಲ್ಲ. ಅದಕ್ಕೆ ಅಂಕ ಹಾಕುತ್ತಿರುವ ರೀತಿಗೆ ಇದೆ.

ನಾನು ಇಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆ, ನಾಮಕರಣ, ಗೃಹಪ್ರವೇಶಗಳ ಫೋಟೊ, ವಿಡಿಯೋ ತೆಗೆದು ಬದುಕುವವನು. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆ ಒಪ್ಪಿಸುವ ದಿನ ಹತ್ತಿರ ಬಂತೆಂದರೆ ಅಂಗಡಿಯಲ್ಲಿ ಮದುವೆ ಮನೆಯವರಿಗಿಂತ ಯೂನಿಫಾರಂ ತೊಟ್ಟವರೇ ಹೆಚ್ಚು. ‘ಅಣ್ಣಾ, ನಾಳೆ ಮಿಸ್‌ಗೆ ತೋರಿಸ್ಬೇಕು, ಇವತ್ತೇ ಎಡಿಟ್ ಮಾಡ್ಕೊಡಿ’ ಎಂದು ದುಂಬಾಲು ಬೀಳುತ್ತಾರೆ. ಹಿಂದೆ ನಿಂತ ಅಪ್ಪ ರೇಟು ಚೌಕಾಸಿ ಮಾಡುತ್ತಾರೆ. ಟೈಟಲ್ ಉರುಳಬೇಕು, ಮ್ಯೂಸಿಕ್ ಇರಬೇಕು, ನೆಟ್‌ನಿಂದ ಎರಡು ಡ್ರೋನ್ ಶಾಟ್ ಹಾಕಬೇಕು, ಮಾತನ್ನು ಕಂಪ್ಯೂಟರ್ ದನಿಯಲ್ಲಿ ಹೇಳಿಸಬೇಕು. ಇಷ್ಟೆಲ್ಲ ಆದಮೇಲೆ ಆ ವಿಡಿಯೋದಲ್ಲಿ ಮಗುವಿನದೆಂದು ಉಳಿಯುವುದು ಕೊನೆಯಲ್ಲಿ ಬರುವ ಹೆಸರು ಮತ್ತು ರೋಲ್ ನಂಬರ್. ಇದನ್ನು ಹೀಗೆ ಬರೆದು ನಾನೇ ನನ್ನ ವ್ಯಾಪಾರಕ್ಕೆ ಕಲ್ಲು ಹಾಕಿಕೊಳ್ಳುತ್ತಿದ್ದೇನೆ ಎಂದು ಹತ್ತಿರದವರು ಹೇಳಿದ್ದಾರೆ. ಆದರೆ ಮದುವೆ ಮುಹೂರ್ತದ ತಿಂಗಳುಗಳು ಇರುವವರೆಗೆ ನನ್ನ ಹೊಟ್ಟೆಪಾಡಿಗೆ ತೊಂದರೆಯಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ‘ನಮ್ಮೂರಿನ ಬೆಳೆ’ ಎಂಬ ವಿಷಯಕ್ಕೆ ಮನೆಯ ಅಟ್ಟದಲ್ಲಿ ವಿಡಿಯೋ ತೆಗೆದುಕೊಂಡು ಬಂದಿದ್ದಳು. ಕೈ ನಡುಗಿತ್ತು, ಬೆಳಕು ಸಾಲದೆ ಅಜ್ಜಿಯ ಮುಖ ಅರ್ಧ ಕತ್ತಲಲ್ಲಿತ್ತು. ಆದರೆ ಆ ಅಜ್ಜಿ ಒಂದು ತೆಂಗಿನಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ‘ಇದು ಇನ್ನೂ ನೀರು’ ಎಂದು ಪಕ್ಕಕ್ಕಿಡುತ್ತಾರೆ. ಇನ್ನೊಂದನ್ನು ಅಲ್ಲಾಡಿಸಿದಾಗ ಒಳಗೆ ಗಿಟುಕು ಗುಡುಗುಡು ಎನ್ನುತ್ತದೆ. ‘ಇದು ಸುಲಿಯಕ್ಕೆ ಬಂತು.’ ಹುಡುಗಿ ಕೇಳುತ್ತಾಳೆ: ‘ಅಜ್ಜಿ, ಇಷ್ಟು ತಿಂಗಳು ಯಾಕೆ ಕಾಯ್ಬೇಕು? ಬಿಸಿಲಿಗೆ ಹಾಕಿದ್ರೆ ಬೇಗ ಒಣಗಲ್ವಾ?’ ಅಜ್ಜಿ ನಗುತ್ತಾ, ‘ಬಿಸಿಲಿಗೆ ಬಿಟ್ರೆ ಚಿಪ್ಪು ಬಿರೀತದೆ ಮಗ, ಉಂಡೆ ಎಲ್ಲಿ ಸಿಕ್ತದೆ?’ ಎನ್ನುತ್ತಾರೆ. ಅರಸೀಕೆರೆ, ತಿಪಟೂರು ಮಾರುಕಟ್ಟೆಯ ಉಂಡೆ ಕೊಬ್ಬರಿ ಹೇಗೆ ಆಗುತ್ತದೆ ಎಂಬ ಪಾಠ ಅಷ್ಟರಲ್ಲೇ ಮುಗಿಯಿತು. ಪ್ರಶ್ನೆ ಆ ಹುಡುಗಿಯದೇ, ಯಾರೂ ಹೇಳಿಕೊಟ್ಟದ್ದಲ್ಲ.

ಆದರೆ ಶಾಲೆಯವರು ಕೊಟ್ಟ ಚೀಟಿಯಲ್ಲಿ ಹಿನ್ನೆಲೆ ಸಂಗೀತಕ್ಕೆ ಇಷ್ಟು ಅಂಕ, ನಿರೂಪಣೆಯ ‘ಶುದ್ಧ ಭಾಷೆ’ಗೆ ಇಷ್ಟು ಅಂಕ ಎಂದಿತ್ತು. ಹಾಗಾಗಿ ಅಜ್ಜಿಯ ದನಿ, ಕಾಯಿಯ ಸದ್ದು ಎರಡನ್ನೂ ಮ್ಯೂಟ್ ಮಾಡಿ, ‘ತೆಂಗು ಕಲ್ಪವೃಕ್ಷವಾಗಿದ್ದು’ ಎಂದು ಶುರುವಾಗುವ ಮಾತನ್ನು ಅದರ ಮೇಲೆ ಕೂರಿಸಬೇಕಾಯಿತು. ಇದ್ದಂತೆಯೇ ಬಿಡಮ್ಮಾ ಎಂದೆ. ‘ಮಾರ್ಕ್ಸ್ ಹೋಗುತ್ತೆ ಅಣ್ಣಾ’ ಎಂದಳು.

ವಿಷಯಗಳ ಆಯ್ಕೆಯೂ ಇದೇ ದಾರಿ ಹಿಡಿದಿದೆ. ಇತಿಹಾಸ ಎಂದರೆ ಬೇಲೂರು, ಹಳೇಬೀಡು. 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಈ ಹುಚ್ಚು ಇನ್ನಷ್ಟು ಏರಿದೆ. ಅವು ನಮ್ಮ ಹೆಮ್ಮೆ, ಎರಡು ಮಾತಿಲ್ಲ. ಆದರೆ ನೆಟ್‌ನಲ್ಲಿ ಸಾವಿರ ವಿಡಿಯೋ ಸಿಗುವ ಗುಡಿಯ ಬಗ್ಗೆ ಮಗು ಹೊಸದಾಗಿ ಏನು ತೋರಿಸಬೇಕು? ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಹೂಡಲೂ ಮೊದಲೇ ಅನುಮತಿ ಬೇಕು. ಕೊನೆಗೆ ಬೇರೆಯವರ ಕ್ಲಿಪ್ಪುಗಳನ್ನೇ ಜೋಡಿಸುತ್ತಾರೆ. ಹಳೇಬೀಡಿನ ದಾರಿಯಲ್ಲೇ ಜಾವಗಲ್‌ನ ಲಕ್ಷ್ಮೀನರಸಿಂಹ ತ್ರಿಕೂಟವಿದೆ, ಅರಸೀಕೆರೆಯಲ್ಲಿ 1220ರ ಈಶ್ವರ ದೇಗುಲವಿದೆ. ಅದರ ಮುಂದಿನ ನಕ್ಷತ್ರಾಕಾರದ ಮಂಟಪಕ್ಕೆ ಎಷ್ಟು ಮೂಲೆಗಳೆಂದು ಎಣಿಸಲು ಒಬ್ಬ ಹುಡುಗ ಹೋದರೂ ಅದು ಪ್ರಾಜೆಕ್ಟೇ. ಊರಿನ ರೈಲು ನಿಲ್ದಾಣ, ಸಂತೆ, ಕೆರೆ ಏರಿ, ನಫೆಡ್ ಕೊಬ್ಬರಿ ಖರೀದಿ ಇವುಗಳ ಮೇಲೆ ಒಂದೂ ವಿಡಿಯೋ ನನ್ನ ಕಂಪ್ಯೂಟರಿಗೆ ಬಂದದ್ದಿಲ್ಲ. 2024ರಲ್ಲಿ ಉಂಡೆ ಕೊಬ್ಬರಿ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ ಇದ್ದಾಗ ನೋಂದಣಿಗೆ ಸರತಿ ನಿಂತವರು ಈ ಮಕ್ಕಳ ಅಪ್ಪ, ಚಿಕ್ಕಪ್ಪಂದಿರೇ. ಸರತಿಯಲ್ಲಿ ನಿಂತವರನ್ನು ನಾಲ್ಕು ಪ್ರಶ್ನೆ ಕೇಳಿದ್ದರೆ ಸಮಾಜ ವಿಜ್ಞಾನದ ಒಂದು ಅಧ್ಯಾಯವೇ ಸಿಗುತ್ತಿತ್ತು.

ಹಾಗಾದರೆ ವಿಡಿಯೋ ಪ್ರಾಜೆಕ್ಟೇ ಬೇಡ, ಮೊದಲೇ ಮಕ್ಕಳು ಮೊಬೈಲಿಗೆ ಅಂಟಿಕೊಂಡಿದ್ದಾರೆ ಎನ್ನುವವರಿದ್ದಾರೆ. ಅವರ ಮಾತನ್ನೂ ನಾನು ಒಪ್ಪುವುದಿಲ್ಲ. ಮೈಸೂರು ಜಿಲ್ಲೆಯ ಹಳ್ಳಿಗಳಲ್ಲಿ ಐಟಿ ಫಾರ್ ಚೇಂಜ್ ಸಂಸ್ಥೆ ‘ಕಿಶೋರಿ ಚಿತ್ರಪಟ’ ಎಂಬ ಯೋಜನೆಯಲ್ಲಿ ಹದಿಹರೆಯದ ಹುಡುಗಿಯರ ಕೈಗೇ ಕ್ಯಾಮೆರಾ ಕೊಟ್ಟಿತ್ತು. ಸ್ಮಾರ್ಟ್‌ಫೋನ್ ಇನ್ನೂ ಹಳ್ಳಿ ಮನೆಗಳನ್ನು ಹೊಕ್ಕಿರದ ಕಾಲ ಅದು. ಕ್ಯಾಮೆರಾ ಕೈಲಿದ್ದರೆ ದೊಡ್ಡವರ ಮುಂದೆ ನಿಂತು ಪ್ರಶ್ನೆ ಕೇಳಲು ಒಂದು ನೆಪ, ಒಂದು ಧೈರ್ಯ ಸಿಗುತ್ತದೆ. ಅಟ್ಟದ ಹುಡುಗಿಗೆ ಸಿಕ್ಕಿದ್ದೂ ಅದೇ. ರೀಲ್ಸ್ ನೋಡುವುದೇ ಬೇರೆ, ತಾನೇ ಒಂದನ್ನು ತೆಗೆಯಲು ಹೊರಟು ಇಲ್ಲಿಂದ ಇಲ್ಲಿಗೆ ಸಾಕು, ಇದು ಬೇಡ ಎಂದು ಕತ್ತರಿಸುವುದೇ ಬೇರೆ. ಆ ಕತ್ತರಿಸುವ ಕೆಲಸವನ್ನೇ ನಾವು ಮಕ್ಕಳಿಂದ ಕಿತ್ತುಕೊಂಡು ಅಂಗಡಿಗೆ ಕೊಟ್ಟಿದ್ದೇವೆ.

ಖರ್ಚಿನ ಮಾತೂ ಇದೆ. ಫುಲ್ ಎಚ್‌ಡಿಯಲ್ಲಿ ಒಂದು ನಿಮಿಷದ ವಿಡಿಯೋ ನೂರು ಎಂಬಿಗೂ ಮೀರಬಹುದು. ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಫೋನು, ಅದೂ ಬೆಳಿಗ್ಗೆಯೇ ಅಪ್ಪನ ಜೇಬಿನಲ್ಲಿ ತೋಟಕ್ಕೆ ಹೋಗಿರುತ್ತದೆ. ಅಂಥ ಮನೆಯ ಹುಡುಗ ಪಕ್ಕದ ಮನೆಯವರನ್ನು ಗೋಗರೆದು ತೆಗೆದ ವಿಡಿಯೋ, ಸ್ಟುಡಿಯೋದ ಥಳುಕಿನ ಮುಂದೆ ಮಂಕಾಗಿ ಕಂಡು ಅಂಕ ಕಳೆದುಕೊಳ್ಳುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆ ಬಿಟ್ಟು ಉಳಿದ ವಿಷಯಗಳಿಗೆ ತಲಾ 20 ಆಂತರಿಕ ಅಂಕಗಳಿವೆ. ಅಂಥ ಅಂಕಗಳು ದುಡ್ಡಿದ್ದವರ ಪಾಲಾಗುವ ಅಭ್ಯಾಸ ಎಂಟು, ಒಂಬತ್ತರಲ್ಲೇ ಬೇರೂರಬಾರದು.

ಇನ್ನೊಂದು ವಿಷಯವನ್ನು ಪೋಷಕರೂ ಗಮನಿಸಬೇಕು. ಕೆಲವು ಕಡೆ ಈ ವಿಡಿಯೋಗಳನ್ನು ಮಕ್ಕಳ ಮುಖ, ಹೆಸರು, ಶಾಲೆ, ತರಗತಿ ಸಮೇತ ಯೂಟ್ಯೂಬಿಗೆ ಏರಿಸಲಾಗುತ್ತಿದೆ. ಹದಿನೆಂಟರೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಕಾಯ್ದೆ ಇರಲಿ ಬಿಡಲಿ, ಹೆಣ್ಣುಮಗಳ ಮುಖ ಊರಿಗೆಲ್ಲ ಹಂಚುವ ಮುನ್ನ ಮನೆಯವರನ್ನು ಒಂದು ಮಾತು ಕೇಳುವುದು ಮರ್ಯಾದೆ.

ಶಿಕ್ಷಕರನ್ನು ದೂರುವುದು ನನ್ನ ಉದ್ದೇಶವಲ್ಲ. ಚುನಾವಣೆ, ಸಮೀಕ್ಷೆ, ಬಿಸಿಯೂಟದ ಲೆಕ್ಕದ ನಡುವೆ ಅರವತ್ತು ಮಕ್ಕಳ ವಿಡಿಯೋ ಕೂತು ನೋಡುವ ಪುರಸೊತ್ತು ಅವರಿಗೆಲ್ಲಿ? ಥಳುಕು ಕಂಡಲ್ಲಿ ಅಂಕ ಬೀಳುವುದಕ್ಕೆ ಅದೂ ಒಂದು ಕಾರಣ. ಆದ್ದರಿಂದ ಅರಸೀಕೆರೆಯ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಮತ್ತು ಹಾಸನದ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಸೇರಿ ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ಐದೈದು ಮಕ್ಕಳ ಗುಂಪಿಗೆ ಒಂದು ವಿಡಿಯೋ, ಮೂರು ನಿಮಿಷಕ್ಕಿಂತ ಹೆಚ್ಚು ಬೇಡ, ನೋಡುವವರಿಗೂ ಹಗುರ. ಜೋಡಿಸುವ ಕೆಲಸ ಶಾಲೆಯ ಕಂಪ್ಯೂಟರಿನಲ್ಲೇ, ಶಾಲೆಯ ಅವಧಿಯಲ್ಲೇ ಆಗಲಿ. ಓಪನ್‌ಶಾಟ್, ಶಾಟ್‌ಕಟ್‌ನಂಥ ತಂತ್ರಾಂಶಗಳು ಬಿಟ್ಟಿ ಸಿಗುತ್ತವೆ. ಯಾರನ್ನು ಮಾತಾಡಿಸಿದಿರಿ, ಏನು ಕೇಳಿದಿರಿ, ಏನನ್ನು ಕತ್ತರಿಸಿದಿರಿ, ಯಾಕೆ ಎಂದು ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆಯಲಿ. ಅಂಕದ ಮುಕ್ಕಾಲು ಪಾಲು ಅದಕ್ಕೇ ಇರಲಿ. ಮ್ಯೂಸಿಕ್‌ಗೆ, ಟೈಟಲ್‌ಗೆ ಸೊನ್ನೆ. ಪೋಷಕರ ಸಹಿ ಇಲ್ಲದೆ ಯಾವುದೂ ನೆಟ್‌ಗೆ ಏರಬಾರದು.

ಒಂದು ಕ್ಲಿಪ್ ಕತ್ತರಿಸಿ ಇನ್ನೊಂದಕ್ಕೆ ಸೇರಿಸುವುದನ್ನು ಕಲಿಸಲು ಎರಡು ಪೀರಿಯಡ್ ಬೇಕಾಗಬಹುದು. ಹೋಬಳಿಯ ಯಾವ ಶಾಲೆ ಕರೆದರೂ ನಾನೇ ಬಂದು ಹೇಳಿಕೊಡುತ್ತೇನೆ, ಕಾಸು ಬೇಡ. ಆದರೆ ಅಂಗಡಿಯಲ್ಲಿ ದುಡ್ಡು ಕೊಟ್ಟು ಮಾಡಿಸಿದ ವಿಡಿಯೋಗೆ ಅಂಕ ಕೊಡುವುದು ಬರುವ ಎಫ್‌ಎಯಿಂದಲೇ ನಿಲ್ಲಲಿ.

ಇಂತಿ,
ಒಬ್ಬ ಸ್ಟುಡಿಯೋ ಮಾಲೀಕ, ಬಾಣಾವರ, ಅರಸೀಕೆರೆ ತಾಲ್ಲೂಕು